ಹರಳೆಣ್ಣೆ ಅಧ್ಯಕ್ಷನ ಬೀಳ್ಕೊಡುಗೆ

ಸಂಘದ ನೂತನ ಅಧ್ಯಕ್ಷರಾದ ಶ್ರೀನಾಥ ಅವರೇ, ಕಾವಾಸಾಕಿಯಿಂದ ಬಂದಿರುವ ಮುಖ್ಯ ಅತಿಥಿ ಅನಂತಮೂರ್ತಿ ಅವರೇ, ಮಾಸ್ಕಿನ ಹಿಂದೆ ನಗುತ್ತಿದ್ದೀರೋ ಆಕಳಿಸುತ್ತಿದ್ದೀರೋ ತಿಳಿಯದಂತೆ ಕುಳಿತಿರುವ ನಗೋಯಾದ ಕನ್ನಡ ಬಂಧುಗಳೇ, ಸಭಿಕರೇ,

ಈಗ ತಾನೇ ನನಗೆ ಶಾಲು ಹೊದಿಸಿ, ಮೈಸೂರು ಪೇಟ ತೊಡಿಸಿದ್ದೀರಿ. ಸೋತು ಹೋಗುತ್ತಿರುವ ಅಧ್ಯಕ್ಷನಿಗೆ ಇಷ್ಟೊಂದು ಗೌರವ ಯಾಕೆ? ಹೋಗುತ್ತಿದ್ದಾನಲ್ಲ ಎಂಬ ಸಂತೋಷಕ್ಕಿರಬಹುದು. ಮೈಕನ್ನೂ ಕೊಟ್ಟಿದ್ದೀರಿ. ಒಂಬತ್ತಕ್ಕೆ ಭವನ ಬಿಟ್ಟುಕೊಡಲೇಬೇಕು ಎಂಬ ಧೈರ್ಯದಿಂದ ಕೊಟ್ಟಿದ್ದೀರಿ, ನನಗೆ ಗೊತ್ತು.

ಎರಡು ವರ್ಷದ ಹಿಂದೆ, ಕೊರೊನಾ ಕಾಲದಲ್ಲಿ, ನಮ್ಮ ಚುನಾವಣೆ ಝೂಮಿನಲ್ಲಿ ನಡೆಯಿತು. ನಿಂತವರು ಮೂವರು. ಮನೆಯಲ್ಲಿ ಕನ್ನಡ ಆಡದ ಕುಟುಂಬಕ್ಕೆ ಸಂಘದಲ್ಲಿ ಮತವೂ ಬೇಡ, ವೇದಿಕೆಯೂ ಬೇಡ ಎಂದವರು ಶ್ರೀನಾಥರು. ಅಂಥ ಮನೆಯ ಮಕ್ಕಳಿಗಾಗಿಯೇ ಶನಿವಾರ ಕನ್ನಡ ತರಗತಿ ನಡೆಸೋಣ ಎಂದವರು ಚಾಮುಂಡೇಶ್ವರಿಯವರು. ಏನೂ ಹೇಳದೆ ನಿಂತವನು ನಾನು. ಮೊದಲ ಸುತ್ತಿನಲ್ಲಿ ಶ್ರೀನಾಥರು ಮುಂದೆ, ಅವರ ಹಿಂದೆ ನಾನು, ನನಗಿಂತ ಕೂದಲೆಳೆಯಷ್ಟು ಹಿಂದೆ ಆಕೆ. ಯಾರಿಗೂ ಅರ್ಧದಷ್ಟು ಮತ ಬರಲಿಲ್ಲ. ಎರಡನೇ ಸುತ್ತಿಗೆ ಮುನ್ನ ಆಕೆ ಹಿಂದೆ ಸರಿದು, "ಎಲ್ರೂ ಸಾರ್‌ಗೇ ವೋಟ್ ಹಾಕಿ" ಅಂದರು. ನಾನು ಗೆದ್ದೆ. ನನ್ನ ಜನಪ್ರಿಯತೆ ಕಂಡು ನನಗೇ ಆಶ್ಚರ್ಯವಾಯಿತು. ನನ್ನ ಹೆಂಡತಿ ಪದ್ಮಾವತಿಗೆ ಇನ್ನೂ ಹೆಚ್ಚು.

ಈ ಜೂನಿನಲ್ಲಿ ಫ್ರಾನ್ಸಿನ ಸಂಸತ್ ಚುನಾವಣೆ ನಡೆಯಿತಲ್ಲ? ನಮ್ಮ ಕಂಪನಿಯಲ್ಲಿ ಲುಕ್ ಎಂಬ ಫ್ರೆಂಚ್ ಎಂಜಿನಿಯರ್ ಇದ್ದಾನೆ. ಕ್ಯಾಂಟೀನಿನ ಪ್ಲಾಸ್ಟಿಕ್ ಪರದೆಯ ಆಚೆ ಊಟ ಮುಟ್ಟದೆ ಕೂತಿದ್ದ. ಏನಪ್ಪಾ ಎಂದು ಕೇಳಿದೆ. ಅಲ್ಲಿಯೂ ಎರಡು ಸುತ್ತಂತೆ. ವಲಸಿಗರನ್ನು ದೂರವಿಡಬೇಕೆನ್ನುವ ಕಡು ಬಲಪಂಥದವರು ಗೆಲ್ಲುವಂತಿದ್ದರೆ, ಹಿಂದೆ ಬಿದ್ದ ಅಭ್ಯರ್ಥಿ ಕಣ ಬಿಟ್ಟು ಸರಿಯುತ್ತಾನೆ. ಜನ ಮೂಗು ಮುಚ್ಚಿಕೊಂಡು ತಮಗೆ ಇಷ್ಟವಿಲ್ಲದವನಿಗೂ ಮತ ಹಾಕಿ ಅವರನ್ನು ತಡೆಯುತ್ತಾರೆ. ಗಣಿ ಊರಿನಲ್ಲಿರುವ ಲುಕ್‌ನ ತಾಯಿ ಎಷ್ಟೋ ವರ್ಷ ಹಾಗೆ ಮತ ಹಾಕಿದ್ದರು. ಈ ಸಲ ಮನೆಯಲ್ಲೇ ಉಳಿದರಂತೆ. "ಪ್ರತಿ ಸಲ ನಾನೇ ಗೆಲ್ಲಿಸ್ಬೇಕು. ಗೆದ್ದ ಮೇಲೆ ಒಬ್ಬನಾದ್ರೂ ನನ್ನ ಬಾಗಿಲು ತಟ್ಟಿದ್ನಾ?" ಅಂದರಂತೆ. ಆ ಊರಿನಲ್ಲಿ ಬಲಪಂಥದವರೇ ಗೆದ್ದರು.

ನಾನು ಚಾಪ್‌ಸ್ಟಿಕ್ ಕೆಳಗಿಟ್ಟೆ. ಚಿಕ್ಕಂದಿನಲ್ಲಿ ಅಮ್ಮ ಮೂಗು ಹಿಡಿದು ಬಾಯಿಗೆ ಹರಳೆಣ್ಣೆ ಹೊಯ್ಯುತ್ತಿದ್ದಳಲ್ಲ, ನೆನಪಿದೆಯೇ? ಯಾರಾದರೂ ಆಸೆಪಟ್ಟು ಅದನ್ನು ಕುಡಿದದ್ದುಂಟೇ? ಎರಡು ವರ್ಷ ನಾನು ನನ್ನನ್ನು ಜೇನುತುಪ್ಪ ಎಂದುಕೊಂಡಿದ್ದೆ, ಸಭಿಕರೇ.

ಹಾಗಂತ ನಾನೇನೂ ಮಾಡಲಿಲ್ಲವೇ? ಯುಗಾದಿಗೆ ಝೂಮಿನಲ್ಲಿ ಅಂತ್ಯಾಕ್ಷರಿ ಮಾಡಿಸಿದೆ. ದೀಪಾವಳಿಗೆ ಝೂಮಿನಲ್ಲೇ ಅಡುಗೆ ಸ್ಪರ್ಧೆ ಮಾಡಿಸಿ, ರುಚಿ ನೋಡದೆಯೇ ಪದ್ಮಾವತಿಗೆ ಮೊದಲ ಬಹುಮಾನ ಕೊಟ್ಟೆ. ಶನಿವಾರದ ತರಗತಿಗೆ ಮಾತ್ರ, ಕೊರೊನಾ ಮುಗಿಯಲಿ ಅಂದೆ. ಅಂತ್ಯಾಕ್ಷರಿಗೆ ಅಡ್ಡ ಬರದ ಕೊರೊನಾ ತರಗತಿಗೆ ಹೇಗೆ ಅಡ್ಡ ಬಂತು ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವರು ಸಭೆಗೆ ಬರುವುದನ್ನೇ ಬಿಟ್ಟಿದ್ದರು.

ಈ ಸಲ ಕಣದಲ್ಲಿ ಶ್ರೀನಾಥರು ಮತ್ತು ನಾನು, ಇಬ್ಬರೇ. ಮೊನ್ನೆ ಚಾಮುಂಡೇಶ್ವರಿಯವರಿಗೆ ಫೋನ್ ಮಾಡಿದೆ. "ನಿಮ್ಮವರನ್ನೆಲ್ಲ ಕರೆತನ್ನಿ. ಇಲ್ಲದಿದ್ದರೆ ನಮ್ಮ ಹಂಸಾಳ ಗತಿ ಏನು? ಕೆಂಜಿ ಸಾನ್ ಅವರನ್ನು ಮದುವೆಯಾಗಿದ್ದಾಳೆ, ಮನೆಯಲ್ಲಿ ಜಪಾನೀ ಮಾತು" ಎಂದೆ.

"ಎಲೆಕ್ಷನ್‌ಗಾ ಸಾರ್? ಎರಡು ವರ್ಷದಲ್ಲಿ ಫಸ್ಟ್ ಟೈಮ್ ನಿಮ್ಮ ಕಾಲ್ ಬಂತು. ಕ್ಲಾಸ್ ಶುರು ಮಾಡ್ತೀರೇನೋ ಅಂದ್ಕೊಂಡೆ" ಅಂದರು ಆಕೆ.

ಇಂದು ಬೆಳಿಗ್ಗೆ ಅವರ ಕಡೆಯವರು ಯಾರೂ ಮತ ಹಾಕಲು ಬರಲಿಲ್ಲ. ನನಗೆ ತುಂಬ ಬೇಸರವಾಗಿದೆ. ಸೋತದ್ದಕ್ಕೆ ಎಂದು ನೀವು ತಿಳಿದುಕೊಂಡರೆ, ಅದೂ ಸ್ವಲ್ಪ ನಿಜ.

ಹಂಸಾ ಅವರ ಮಗಳು ತನ್ವಿ ಪ್ರಾರ್ಥನೆ ಹಾಡಿದಾಗ ಎಲ್ಲರೂ ಚಪ್ಪಾಳೆ ತಟ್ಟಿದಿರಿ. ಶ್ರೀನಾಥರೂ ತಟ್ಟಿದ್ದನ್ನು ನಾನು ನೋಡಿದೆ. ಮಗುವಿನ ಕೈಯಲ್ಲಿದ್ದ ಚೀಟಿ ನಿಮಗೆ ಕಂಡಿರಲಿಕ್ಕಿಲ್ಲ. ನಾನು ಪಕ್ಕದಲ್ಲೇ ಇದ್ದೆ. ಕನ್ನಡದ ಹಾಡನ್ನು ಅದು ಜಪಾನೀ ಅಕ್ಷರದಲ್ಲಿ ಬರೆದುಕೊಂಡು ಹಾಡುತ್ತಿತ್ತು. ಶ್ರೀನಾಥರೇ, ಮುಂದಿನ ವರ್ಷ ಆ ಮಗು ಇಲ್ಲಿ ನಿಲ್ಲಬೇಕೋ ಬೇಡವೋ ಎಂಬುದು ಈಗ ನಿಮ್ಮ ಕೈಯಲ್ಲಿದೆ. ಎರಡು ವರ್ಷ ಅದು ನನ್ನ ಕೈಯಲ್ಲಿತ್ತು.

ಭವನದವರು ಬಾಗಿಲಲ್ಲಿ ನಿಂತು ಸುಮಿಮಾಸೆನ್, ಕ್ಷಮಿಸಿ ಎನ್ನುತ್ತಿದ್ದಾರೆ, ಮುಗಿಸುತ್ತೇನೆ. ಶಾಲಿಗೆ, ಪೇಟಕ್ಕೆ, ಇಲ್ಲಿಗೆ ಬಂದ ನಿಮಗೆಲ್ಲ ನನ್ನ ವಂದನೆಗಳು. ಮನೆಯಲ್ಲೇ ಉಳಿದವರಿಗೆ ಯಾವ ಬಾಯಿಂದ ಹೇಳಲಿ? ನಮಸ್ಕಾರ.