ಅಮ್ಮಂದಿರ ಕೈಗೆ ಟೇಪು

ಪಕ್ಕದವರ ಮಾತಿಗೆ ಕಿವಿಗೊಟ್ಟದ್ದು ತಪ್ಪು, ಬರೆಯುವುದು ಇನ್ನೂ ತಪ್ಪೇನೋ, ಓದುವವರು ಮನ್ನಿಸಬೇಕು. ಪರಿಹಾರ ಸಂಸ್ಥೆಯೊಂದರ ಕಚೇರಿಯ ಬೆಂಚಿನಲ್ಲಿ ಸಂಶೋಧಕಿಯೊಬ್ಬಳು ತನ್ನ ತಾಯಿ ಮತ್ತು ಪುಟ್ಟ ಮಗನೊಂದಿಗೆ ಸಭೆಯ ಕರೆಗೆ ಕಾಯುತ್ತಿದ್ದಳು.

“ಒಳಗಿರೋರು ಏನಂತಾರೆ?” ತಾಯಿ ಕೇಳಿದರು.

“ನಿರಾಶ್ರಿತರ ಶಿಬಿರದಲ್ಲಿ ಮಕ್ಕಳು ಸೊರಗಿದಾರಾ ಅಂತ ತೋಳು ಅಳೆಯೋ ಈ ಟೇಪನ್ನ ಅಮ್ಮಂದಿರಿಗೆ ಕೊಡಬಾರದಂತೆ, ಅವರಿಗೆ ಅಳೆಯೋಕೆ ಬರಲ್ಲವಂತೆ. ನಮ್ಮವರು ಹೋಗಿ ಅಳೆಯೋ ಹೊತ್ತಿಗೆ ಮಗು ಕಡ್ಡಿಯಾಗಿರುತ್ತೆ.”

“ಕೊಡಿಲ್ಲಿ, ನೋಡೋಣ.” ಅಜ್ಜಿ ಮೊಮ್ಮಗನ ತೋಳಿಗೆ ಟೇಪು ಸುತ್ತಿ ಎಳೆದರು; ಹಸಿರು ಬಂದರೆ ಕ್ಷೇಮ, ಹಳದಿ ಬಂದರೆ ಸೊರಗುತ್ತಿದೆ ಎಂದು ಅದರ ಬಣ್ಣದ ಪಟ್ಟಿಗಳ ಲೆಕ್ಕ. “ಅಯ್ಯೋ, ಹಳದಿ ಬಂತಲ್ಲೇ! ಸೊರಗ್ತಿದಾನಾ?”

“ಇವನಿಗೇನು ಧಾಡಿ, ಗುಂಡುಕಲ್ಲಿನ ಹಾಗಿದಾನೆ! ಅಷ್ಟು ಹಿಂಡಿದ್ರೆ ಪೈಲ್ವಾನನೂ ಸೊರಗ್ತಾನೆ. ಚರ್ಮಕ್ಕೆ ತಾಗಿದ್ರೆ ಸಾಕಮ್ಮ.”

ಸಡಿಲಿಸಿದಾಗ ಹಸಿರು ಬಂತು.

“ಇಷ್ಟೇನಾ? ಇದಕ್ಕಾ ನೀನು ಇಷ್ಟು ವರ್ಷ ಶಿಬಿರ ಶಿಬಿರ ಅಂತ ಅಲೆದದ್ದು?”

“ಇಷ್ಟೇ ಅಂತ ತೋರಿಸೋಕೇ ಅಲೆದದ್ದು.”

ಬಾಗಿಲು ತೆರೆದು ಕರೆ ಬಂತು.

“ಹೋಗ್ಬಾ, ಮಗೂನ ನಾನು ನೋಡ್ಕೋತೀನಿ.”

“ನೀನೂ ಏಳು. ಆ ದೊಡ್ಡವರ ಮುಂದೆ ಮೊದಲು ತಪ್ಪಾಗಿ ಸುತ್ತು, ಆಮೇಲೆ ಸರಿಯಾಗಿ.”

“ಬೇಕೂಂತ ತಪ್ಪು ಮಾಡ್ಲಾ?”

“ಮಾಡಮ್ಮ. ತಿದ್ಕೊಳ್ಳೋಕೆ ಎಷ್ಟು ಹೊತ್ತು ಬೇಕು ಅಂತ ಅವರೂ ನೋಡ್ಲಿ.”

ಅಜ್ಜಿ ಕೂಸನ್ನು ಸೊಂಟಕ್ಕೇರಿಸಿಕೊಂಡು ಮಗಳಿಗಿಂತ ಮುಂದೆಯೇ ನಡೆದರು. ಬಾಗಿಲು ಮುಚ್ಚಿತು. ಸಭೆ ಒಪ್ಪಿತೋ ಇಲ್ಲವೋ, ಹೊರಗೆ ಕೂತವರಿಗೆ ತಿಳಿಯಲಿಲ್ಲ.