ಹುಲ್ಲಿನ ಹಂದರ

ಅಧ್ಯಕ್ಷತೆ ವಹಿಸಿ ಈ ಹಂದರಕ್ಕೆ ಶೋಭೆ ತಂದಿರುವ ಅರಣ್ಯ ಇಲಾಖೆಯ ರೇಂಜರ್ ಸಾಹೇಬರೇ, ವೇದಿಕೆಯ ಮೇಲಿನ ಗಣ್ಯರೇ, ಹಳಿಯಾಳದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು ಈಗಷ್ಟೇ ಕುಳಿತಿರುವ ಸಭಿಕರೇ,

ನಮ್ಮ ದಾಂಡೇಲಿಯ ಜ್ಞಾನವಿನೋದ ಮಂಡಳದ ವಾರ್ಷಿಕೋತ್ಸವದಲ್ಲಿ ನನಗೆ ಶಾಲು ಹೊದಿಸಿದ್ದೀರಿ. ಎಷ್ಟೇ ಸೆಕೆಯಾದರೂ ತೆಗೆಯುವವನಲ್ಲ ನಾನು. ವಿಜ್ಞಾನದ ಮಾಸ್ತರನಿಗೆ ಶಾಲು ಸಿಗುವುದೂ ಒಂದು ವಿಸ್ಮಯವೇ.

ವಿಸ್ಮಯಗಳಿಗೇನು ಕಡಿಮೆ? ತಿಮಿಂಗಿಲ ಮೀನಲ್ಲ. ವಜ್ರವೂ ಇದ್ದಿಲೂ ಒಂದೇ ವಸ್ತು. ಭೂಮಿ ತಿರುಗುತ್ತದೆ ಎಂದಿದ್ದ ಇಟಲಿಯ ಒಬ್ಬ ಮುದುಕ, ನ್ಯಾಯಾಧೀಶರು ಕಣ್ಣು ಕೆಂಪಗೆ ಮಾಡಿದೊಡನೆ ಮೊಣಕಾಲೂರಿ ತನ್ನ ಮಾತನ್ನೇ ನುಂಗಿಕೊಂಡ. ಛೇ! ಕಂಡ ಸತ್ಯ ಹೇಳಲು ಅಂಜಿಕೆ ಯಾಕೆ? ಆ ಜಾಗದಲ್ಲಿ ನಾನಿದ್ದಿದ್ದರೆ? ಇರಲಿ.

ನಮ್ಮ ಕಾಡಿನ ವಿಸ್ಮಯಕ್ಕೇ ಬರೋಣ. ಬಿದಿರು ಮರವಲ್ಲ, ಹುಲ್ಲು! ಭತ್ತ, ಕಬ್ಬು, ಬಿದಿರು ಎಲ್ಲ ಒಂದೇ ಕುಲ. ಈ ವರ್ಷ ಯುಗಾದಿಯ ಮರುದಿನ ಇದೇ ಮಂಡಳದಲ್ಲಿ ಇದನ್ನು ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಕೋಗಿಲಬನದ ಲಗಮಪ್ಪ, ಕಾಗದದ ಗಿರಣಿಯಲ್ಲಿ ದಿನವಿಡೀ ಬಿದಿರು ಇಳಿಸುವವನು. ಅವನ ಮಗಳ ಮದುವೆ ಹತ್ತಿರವಿತ್ತು. ಕಾಡಿನಲ್ಲಿ ದನಕ್ಕೆ ಹುಲ್ಲು ಕೊಯ್ದರೆ ಯಾರೂ ತಡೆಯುವುದಿಲ್ಲ ತಾನೇ? ನನ್ನ ಮಾತು ನಂಬಿ ಬಿದಿರು ಕಡಿದು ತಂದ, ಅರಿಷಿಣ ಹಚ್ಚಿ ಮನೆಯ ಮುಂದೆ ಹಂದರ ಹಾಕಿದ. ಗಾರ್ಡು ಬಂದು ಹಿಡಿದಾಗ, "ಹುಲ್ಲರೀ ಇದು, ಮಾಸ್ತರ್ರು ಹೇಳ್ಯಾರ. ಬೇಕಾರ ಅವರನ್ನ ಕೇಳ್ರಿ" ಎಂದನಂತೆ.

ನನ್ನನ್ನು ಅರಣ್ಯ ಕಚೇರಿಗೆ ಕರೆಸಿದರು. ಇಂದಿನ ಅಧ್ಯಕ್ಷರಾದ ನಮ್ಮ ರೇಂಜರ್ ಸಾಹೇಬರೇ ಅಂದು ಕಾನೂನಿನ ಪುಸ್ತಕ ತೆರೆದು ತೋರಿಸಿದರು. ಅದರಲ್ಲಿ ಮರ ಎಂದರೆ ಬಿದಿರೂ ಸೇರುತ್ತದೆ! "ಏನ್ರಿ ಮಾಸ್ತರ, ಹುಲ್ಲೋ, ಮರಾನೋ?" ಎಂದರು. ಲಗಮಪ್ಪ ನನ್ನ ಬಾಯನ್ನೇ ನೋಡುತ್ತಿದ್ದ. ನಾನು ಹೆದರಲಿಲ್ಲ, ಸಭಿಕರೇ! ನಿರ್ಭಯವಾಗಿ, "ಮರಾರೀ ಸಾಹೇಬ್ರ" ಎಂದೆ. ನಮ್ಮ ಮನೆಯ ಒಲೆಗೆ ಕಟ್ಟಿಗೆ ಸಾಹೇಬರ ಕೃಪೆಯಿಂದಲೇ ಬರುತ್ತಿತ್ತು ಎಂಬುದು ಬೇರೆ ಮಾತು.

ಹಂದರ ಕಿತ್ತೊಯ್ದರು. ಮದುವೆಯ ಅಕ್ಕಿಕಾಳು ಬಿಸಿಲಲ್ಲೇ ಬಿದ್ದವು. ಮದುಮಕ್ಕಳ ತಲೆಯ ಮೇಲೆ ನೆಂಟರು ಧೋತರ ಹಿಡಿದು ನಿಂತಿದ್ದರು. ನಾನೂ ಊಟಕ್ಕೆ ಹೋಗಿದ್ದೆ. ಕರೆದ ಮೇಲೆ ಹೋಗದಿದ್ದರೆ ಚೆನ್ನಾಗಿರುವುದಿಲ್ಲ. ಬಡಿಸಲು ಬಂದ ಲಗಮಪ್ಪನ ಹೆಂಡತಿ ಕೆಂಚವ್ವ ಕೇಳಿದಳು: "ಮಾಸ್ತರ್ರ, ಈ ಬಿಸಲಿಗೆ ನಿಮ್ಮ ಪುಸ್ತಕದಾಗ ಏನಂತಾರ್ರಿ?" ಎಂಥ ಜಿಜ್ಞಾಸೆ ನೋಡಿ! ಬಾಯಲ್ಲಿ ಬಿಸಿ ಹುಗ್ಗಿ ಇತ್ತು, ಇನ್ನಷ್ಟು ಬಡಿಸು ಎಂದು ಎಲೆ ತೋರಿಸಿದೆ.

ಇಂದಿನ ಈ ಹಂದರ ಹಾಕಿದವನೂ ಲಗಮಪ್ಪನೇ. ಬೆಳಿಗ್ಗೆ, "ಬಿದಿರು ಎಲ್ಲೀದಪಾ?" ಎಂದು ಕೇಳಿದೆ.

"ಸಾಹೇಬ್ರು ಕಟ್ಟಿಗಿ ಡಿಪೋದಿಂದ ಕೊಡಿಸ್ಯಾರ್ರಿ. ನನ್ನ ಮಗಳ ಹಂದರದ್ದ ಐತ್ರಿ ಇದು. ನೋಡ್ರಿ, ಅರಿಷಿಣ ಇನ್ನೂ ಹೋಗಿಲ್ಲ."

ನನ್ನ ತಲೆಯ ಮೇಲಿನ ಗಳ ನೋಡಿ, ಹಳದಿ ನಿಮಗೂ ಕಾಣುತ್ತದೆ. ವಸ್ತು ನಾಶವಾಗುವುದಿಲ್ಲ ಸಭಿಕರೇ, ಜಾಗ ಬದಲಿಸುತ್ತದೆ, ಅಷ್ಟೇ! ಶಾಲೆಯ ಮಕ್ಕಳು ಇದನ್ನು ಗಮನಿಸಬೇಕು. ಪರೀಕ್ಷೆಯಲ್ಲಿ ಹುಲ್ಲು ಎಂದು ಬರೆಯಿರಿ, ಕಚೇರಿಯಲ್ಲಿ ಕೇಳಿದರೆ ಮರ ಎನ್ನಿ.

ನೆರಳು ದಯಪಾಲಿಸಿದ ಸಾಹೇಬರಿಗೂ, ಕೈಯಾರೆ ಕಟ್ಟಿದ ಲಗಮಪ್ಪನಿಗೂ ನನ್ನ ವಂದನೆಗಳು. ಎಲ್ಲಿದ್ದಾನೆ ಅವನು? ಅಯ್ಯೋ, ಹೊರಗೆ ಬಿಸಿಲಲ್ಲೇ ನಿಂತಿದ್ದಾನಲ್ಲ! ಲಗಮಪ್ಪಾ, ಒಳಗ ಬಾರಪಾ, ಜಾಗಾ ಐತಿ.

ತಲೆ ಅಲ್ಲಾಡಿಸುತ್ತಿದ್ದಾನೆ. ಒಲ್ಲೆನಂತೆ.

ಈ ಶಾಲಿನಿಂದ ಯಾಕೋ ಬಹಳ ಸೆಕೆಯಾಗುತ್ತಿದೆ. ತೆಗೆಯುತ್ತೇನೆ, ತಪ್ಪು ತಿಳಿಯಬೇಡಿ. ನಮಸ್ಕಾರ.