ಚೀಲದ ಮೇಲಿನ ಅಕ್ಷರ

ಕೇರಳದ ಮಾನಂದವಾಡಿ ಬಸ್‌ಸ್ಟ್ಯಾಂಡಿನಲ್ಲಿ ಬಾವಲಿ ಊರಿನ ಬಸ್ಸಿಗೆ ಕಾಯುತ್ತಿದ್ದ ಚೆಲುವಮ್ಮನಿಗೆ ಪಕ್ಕದ ಬೆಂಚಿನ ಗಂಡಹೆಂಡಿರ ಮಾತು ಬೇಡವೆಂದರೂ ಕಿವಿಗೆ ಬಿತ್ತು. ಇಬ್ಬರ ನಡುವೆ ಗೊಬ್ಬರದ ಚೀಲವೊಂದಿತ್ತು.

“ಎಲ್ಲುಪೊಡಿ ಅಂತ ಬರೆದೈತಂತೆ. ಅಂಗಡಿ ಮಲಯಾಳಿ ಅಕ್ಕ ಓದಿ ಹೇಳಿದ್ಲು. ಎಲುಬಿನ ಪುಡಿ! ನೀವು ಸುಣ್ಣ ಅಂದಿದ್ರಿ.”

“ಗಿಡಕ್ಕೆ ತಾನೇ ಹಾಕೋದು ನೀಲಾ? ನೀನೇನು ತಿಂತೀಯಾ?”

“ಆ ಗಿಡದ ಬದನೆಕಾಯಿ ತಿಂದಿದ್ದು ಯಾರು? ನಮ್ಮನೆ ಕರು ಸತ್ತ ದಿನದಿಂದ ಮಾಂಸ ಹಾಗಿರ್ಲಿ, ಹಾಲು ಮೊಸರೂ ಮುಟ್ಟಿಲ್ಲ ನಾನು.”

“ಪ್ರಾಣಿ ಸೋಂಕಿಲ್ಲದ ಅನ್ನ ಎಲ್ಲೈತೆ ಹೇಳು? ಸಗಣಿಯೂ ಹಸೂದೇ ಅಲ್ವಾ?”

“ಸಗಣೀನ ಸಗಣಿ ಅಂತ ಗೊತ್ತಿದ್ದೇ ಹಾಕ್ದೆ. ಅದು ಬದುಕಿರೋ ಹಸು ಕೊಟ್ಟಿದ್ದು.”

“ನಿಜ ಹೇಳಿದ್ದಿದ್ರೆ ನೀನು ಊಟಾನೇ ಬಿಡ್ತಿದ್ದೆ.”

“ಬಿಡ್ತಿದ್ನೋ ಇಲ್ವೋ, ಅದು ನನ್ನಿಷ್ಟ. ಮಲಯಾಳಂ ಓದಕ್ಕೆ ಬರಲ್ಲ ಅಂತ ಎಂಟು ವರ್ಷ ನನ್ನ ಕೈಯಲ್ಲೇ ಹಾಕಿಸಿದ್ರಲ್ಲ!”

ಅಷ್ಟರಲ್ಲಿ ಬಸ್ಸೊಂದು ಬಂದು ನಿಂತಿತು. ಅವನು ಚೀಲವನ್ನು ಹೆಗಲಿಗೇರಿಸಿಕೊಂಡು, “ಬಾ, ನಮ್ಮ ಬಸ್ಸೇ” ಎಂದು ಹಿಂಬಾಗಿಲ ಕಡೆ ನಡೆದ.

ಅವಳು ಎದ್ದಳು. ಆದರೆ ಅವನ ಹಿಂದೆ ಹೋಗದೆ ಚೆಲುವಮ್ಮನ ಕಡೆ ತಿರುಗಿದಳು.

“ಅಕ್ಕಾ, ಆ ಬಸ್ಸಿನ ಬೋರ್ಡಿನಲ್ಲಿ ಏನು ಬರೆದೈತೆ, ಒಸಿ ಓದಿ ಹೇಳ್ತೀರಾ?”